ತೂಕ ಸರಿಯಿದೆ ಎಂದು ಸುಮ್ಮನಿರಬೇಡಿ

ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ಮಕ್ಕಳ ಊಟ ಏರುಪೇರಾಗುವುದು ಸಹಜ. ಆದರೆ ಡಬ್ಬಿಯ ಚಪಾತಿ ದಿನವೂ ಮುಟ್ಟದೆ ಮರಳಿದರೆ, ಅನ್ನಕ್ಕೆ ತುಪ್ಪ ಬಿದ್ದರೆ ತಟ್ಟೆಯನ್ನೇ ದೂಡಿದರೆ, ಉಂಡ ಕೂಡಲೇ ಬಚ್ಚಲಿನ ಬಾಗಿಲು ಹಾಕಿಕೊಂಡು ನಲ್ಲಿ ಜೋರಾಗಿ ಬಿಟ್ಟರೆ, ಹಟ ಎಂದು ತಳ್ಳಿಹಾಕಬೇಡಿ. ಅದು ಈಟಿಂಗ್ ಡಿಸಾರ್ಡರ್ ಇರಬಹುದು.

ಇದಕ್ಕೆ ಎಲ್ಲರಿಗೂ ಒಂದೇ ಚಿಕಿತ್ಸೆ ಎಂಬುದಿಲ್ಲ. ಊಟವನ್ನೇ ಬಿಡುವ ಅನೊರೆಕ್ಸಿಯಾ ಹದಿಹರೆಯದವರಿಗೆ ಬಂದರೆ ಮೊದಲ ಆಯ್ಕೆ ಕುಟುಂಬ ಚಿಕಿತ್ಸೆ. ಒಂದು ವರ್ಷದಲ್ಲಿ ಸುಮಾರು 18ರಿಂದ 20 ಭೇಟಿ. ಶುರುವಿನಲ್ಲಿ ಏನು, ಎಷ್ಟು ತಿನ್ನಬೇಕೆಂಬ ಜವಾಬ್ದಾರಿ ಅಪ್ಪ ಅಮ್ಮನದು. ಬೆಳಿಗ್ಗೆ ಉಪ್ಪಿಟ್ಟು ಬಡಿಸಿ, ಮುಗಿಯುವ ತನಕ ಬೈಯದೆ, ಚೌಕಾಸಿಗೆ ಇಳಿಯದೆ ಪಕ್ಕದಲ್ಲೇ ಕೂತಿರಬೇಕು. ತುಂಬ ಹೊತ್ತು ಹಿಡಿಯಬಹುದು, ಅಳುವೂ ಬರಬಹುದು. ಬೆಳೆಸಿದ್ದರಲ್ಲೇ ತಪ್ಪಾಯಿತೇನೋ ಎಂದು ಕೊರಗಬೇಡಿ. ಈ ಚಿಕಿತ್ಸೆ ನಡೆಯುವುದೇ ನಿಮ್ಮನ್ನು ನೆಚ್ಚಿಕೊಂಡು.

ಬುಲಿಮಿಯಾ ಬೇರೆ ಬಗೆ. ವಿಪರೀತ ತಿಂದು ವಾಂತಿ ಮಾಡಿಕೊಳ್ಳುವವರ ತೂಕ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಆದರೂ ಒಳಗೆ ಪೊಟ್ಯಾಸಿಯಂ ಇಳಿದು ಹೃದಯಕ್ಕೆ ಅಪಾಯವಾಗುತ್ತಿರಬಹುದು. ದೊಡ್ಡವರಿಗಾದರೆ ಮೊದಲು ತಜ್ಞರ ನೆರವಿನೊಂದಿಗೆ ಪುಸ್ತಕ ನೋಡಿ ಸ್ವತಃ ಮಾಡುವ ಅಭ್ಯಾಸ, ಸಾಲದಿದ್ದರೆ ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆಯಾದ ಸಿಬಿಟಿ. ಹುಡುಗರಿಗೂ, ಮದುವೆಯಾದವರಿಗೂ ಈ ಕಾಯಿಲೆಗಳು ಬರುತ್ತವೆ. ತೂಕವೊಂದನ್ನೇ ನೋಡಿ ಚಿಕಿತ್ಸೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಬಾರದೆಂದು ಇಲ್ಲಿನ ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆಯೇ 2017ರಲ್ಲಿ ಹೇಳಿದೆ. ಜಿ.ಪಿ. "ಬಿಎಂಐ ಸರಿಯಿದೆ" ಎಂದು ವಾಪಸ್ ಕಳಿಸಿದರೆ ಇದನ್ನು ನೆನಪಿಸಿ, ಸಂಕೋಚ ಬೇಡ.

18ರೊಳಗಿನವರಿಗೆ ತುರ್ತಿದ್ದರೆ ಒಂದು ವಾರದಲ್ಲಿ, ಇಲ್ಲದಿದ್ದರೆ ನಾಲ್ಕು ವಾರದಲ್ಲಿ ಚಿಕಿತ್ಸೆ ಶುರುವಾಗಬೇಕೆಂಬುದು ಎನ್‌ಎಚ್‌ಎಸ್ ಗುರಿ. ಹಲವೆಡೆ ಹೆತ್ತವರೇ ನೇರವಾಗಿ ಮಕ್ಕಳ ಈಟಿಂಗ್ ಡಿಸಾರ್ಡರ್ ತಂಡಕ್ಕೆ ಫೋನ್ ಮಾಡಬಹುದು. ಮಾಸ್ಟರ್ಸ್ ಓದಲು ಬಂದವರೇ, 16ರಿಂದ 25ರ ವಯಸ್ಸಿನವರಿಗೆ, ಕಾಯಿಲೆ ಮೂರು ವರ್ಷದೊಳಗಿನದಾದರೆ, ಬೇಗ ನೋಡುವ 'ಫ್ರೀಡ್' ವ್ಯವಸ್ಥೆ ಇದೆ, ಕೇಳಿ. ತಲೆಸುತ್ತಿ ಬಿದ್ದರೆ, ಎದೆ ನೋವು ಬಂದರೆ 999.

ಚಿಕಿತ್ಸಕರ ಭೇಟಿಯಲ್ಲಿ ಏಕಾದಶಿ, ಶನಿವಾರದ ಒಪ್ಪತ್ತು, ಈರುಳ್ಳಿ ಬೆಳ್ಳುಳ್ಳಿ ಬಿಡುವ ಪದ್ಧತಿ ಎಲ್ಲವನ್ನೂ ಬಿಡಿಸಿ ಹೇಳಿ. ಇಲ್ಲದಿದ್ದರೆ ಅವರು ಕೊಡುವ ಊಟದ ಪಟ್ಟಿ ನಮ್ಮ ಅಡುಗೆಮನೆಗೆ ಹೊಂದುವುದಿಲ್ಲ. ವ್ರತದ ಮರೆಯಲ್ಲಿ ಕಾಯಿಲೆ ಅಡಗಿದೆಯೇ ಎಂಬುದೂ ಅವರಿಗೆ ತಿಳಿಯದು. ಜೊತೆಗಿರುವ ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡ ದುಭಾಷಿ ಬೇಕೆಂದು ಹೇಳಿ, ಅದಕ್ಕೆ ಖರ್ಚಿಲ್ಲ. ಕಾಯಿಲೆಯಲ್ಲಿರುವ ಮಗುವಿನ ಕೈಲೇ ತರ್ಜುಮೆ ಮಾಡಿಸಬೇಡಿ.