ತೆರಿಗೆ ನೋಟಿಸಿಗೆ ಮೇಲಧಿಕಾರಿಯ ಮಂಜೂರಾತಿ: ನಾನು ಕಲಿತ ಪಾಠ

ನಮ್ಮದು ಚಳ್ಳಕೆರೆ ತಾಲ್ಲೂಕಿನ ಖುಷ್ಕಿ ಜಮೀನು. ಮಳೆ ಬಂದರೆ ಶೇಂಗಾ, ಈರುಳ್ಳಿ. ಬರದಿದ್ದರೆ ಕುರಿಯೇ ಗತಿ. ನಾನು ಓದಿದ್ದು ಏಳನೇ ಕ್ಲಾಸು. ಇನ್‌ಕಂ ಟ್ಯಾಕ್ಸ್ ಅಂದರೆ ಪೇಟೆಯವರ ಕಾಯಿಲೆ ಅಂತ ತಿಳಿದಿದ್ದವನು. 2023ರ ಏಪ್ರಿಲ್‌ನಲ್ಲಿ ಅದು ನಮ್ಮ ಮನೆ ಬಾಗಿಲಿಗೂ ಬಂತು.

ಅಂಚೆಯಲ್ಲಿ ಬಂದ ಲಕೋಟೆಯಲ್ಲಿ ಎರಡು ಕಾಗದ. ಒಂದು ಆದೇಶ, ಇನ್ನೊಂದು ನೋಟಿಸು. 1961ರ ಆದಾಯ ತೆರಿಗೆ ಕಾಯ್ದೆಯ 148ನೇ ಕಲಂ ಪ್ರಕಾರ, 2018-19ರಲ್ಲಿ ನನ್ನ ಉಳಿತಾಯ ಖಾತೆಗೆ ಕಟ್ಟಿದ ನಗದು 11,40,000 ರೂಪಾಯಿ ತೆರಿಗೆ ತಪ್ಪಿಸಿಕೊಂಡ ಆದಾಯವಂತೆ, ಆ ವರ್ಷದ ಲೆಕ್ಕವನ್ನು ಮತ್ತೆ ತೆರೆಯುತ್ತಾರಂತೆ. ನಾನು ರಿಟರ್ನೇ ಹಾಕಿದವನಲ್ಲ, ಮುಚ್ಚದಿದ್ದದ್ದನ್ನು ತೆರೆಯೋದೆಂಥದು? ಆದರೆ ರಿಟರ್ನ್ ಹಾಕದವನಿಗೂ ಕಾನೂನಿನಲ್ಲಿ ಇದೇ ದಾರಿಯಂತೆ. ಒಂದೇ ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ಅಥವಾ ಹೆಚ್ಚು ನಗದು ಬಿದ್ದರೆ ಬ್ಯಾಂಕಿನವರು ಇಲಾಖೆಗೆ ತಿಳಿಸಲೇಬೇಕು. ಹಾಗೆ ಹೋಗಿತ್ತು ನನ್ನ ಹೆಸರು.

ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮೂಲ ತೋರಿಸಲಾಗದ ನಗದಿಗೆ ಆ ವರ್ಷದ ದರ ಸರ್‌ಚಾರ್ಜು, ಸೆಸ್ಸು ಸೇರಿ ನೂರಕ್ಕೆ 78. ಅಂದರೆ 8,89,200 ರೂಪಾಯಿ, ಮೇಲೆ ಬಡ್ಡಿ. ನನ್ನ ಭಾವಮೈದ ಒಬ್ಬ ದಲ್ಲಾಳಿಯನ್ನು ಕರೆತಂದ. ಐವತ್ತು ಸಾವಿರ ಕೊಟ್ಟರೆ "ಒಳಗಿಂದ" ಮುಗಿಸುತ್ತೇನೆ ಅಂದ. ಹೊಟ್ಟೆ ಉರಿದರೂ ಸುಮ್ಮನೆ ಕಳಿಸಿದೆ. ಮಾರನೇ ದಿನ ಚಿತ್ರದುರ್ಗದ ಒಬ್ಬ ಆಡಿಟರ್ ಹತ್ತಿರ ಹೋದೆ. ಹುಡುಗ, ಆದರೆ ತಾಳ್ಮೆಯವನು.

"ಯಜಮಾನ್ರೇ, ದುಡ್ಡಿನ ಲೆಕ್ಕ ಆಮೇಲೆ. ಈ ನೋಟಿಸು ಕೊಡೋಕೆ ಮೇಲಿನವರು ಒಪ್ಪಿಗೆ ಕೊಟ್ಟಿದ್ದಾರಾ, ಯಾರು ಕೊಟ್ಟರು, ಯಾವತ್ತು ಕೊಟ್ಟರು, ಅದನ್ನ ಮೊದಲು ನೋಡೋಣ" ಅಂದರು.

"ಅದೇನು ಸಾರ್, ಸರ್ಕಾರದವರು ನೋಟಿಸು ಕೊಡೋಕೂ ಒಪ್ಪಿಗೆ ಬೇಕಾ?" ಅಂದೆ.

ಬೇಕು. ಇದೇ ನಾನು ಓದುಗರಿಗೆ ಹೇಳಬೇಕಾದ್ದು. ನಮ್ಮ ಸೊಸೈಟಿಯನ್ನೇ ನೋಡಿ. ಸಾಲದ ಅರ್ಜಿಯನ್ನು ಸೆಕ್ರೆಟರಿ ತಯಾರು ಮಾಡುತ್ತಾನೆ. ಮಂಡಳಿಯ ನಿರ್ಣಯವಾಗದೆ ಅವನೊಬ್ಬನೇ ಸಾಲ ಕೊಡುವ ಹಾಗಿಲ್ಲ. ಮಂಡಳಿಯವರು ಅರ್ಜಿ ಓದದೆ ಪುಸ್ತಕಕ್ಕೆ ರುಜು ಹಾಕಿದರೆ ಏನಾಗುತ್ತದೆ ಅಂತ ಸೊಸೈಟಿ ಮುಳುಗಿದ ಊರಿನವರಿಗೆ ಗೊತ್ತು. ಹಳೇ ವರ್ಷದ ತೆರಿಗೆ ಲೆಕ್ಕ ತೆರೆಯೋದೂ ಹಾಗೇ. ಅಧಿಕಾರಿ ಕಾರಣ ಬರೆದು ಮೇಲಕ್ಕೆ ಕಳಿಸಬೇಕು. 151ನೇ ಕಲಮಿನಲ್ಲಿ ಹೇಳಿದ ದರ್ಜೆಯವರೇ ಅದನ್ನು ಓದಿ ಮಂಜೂರು ಮಾಡಬೇಕು. ಆಮೇಲೆ ನೋಟಿಸು. ನೋಟಿಸು ಕಳಿಸಿದ ಮೇಲೆ ಮಂಜೂರಾತಿ ತಂದರೆ ನಡೆಯೋದಿಲ್ಲ.

ಆ ದರ್ಜೆ ಯಾವುದು ಅನ್ನೋದು ಆಗಾಗ ಬದಲಾಗಿದೆ, ಜನ ಎಡವೋದು ಇಲ್ಲೇ. 2021ರ ಏಪ್ರಿಲ್ 1ರಿಂದ 2024ರ ಆಗಸ್ಟ್ ಕೊನೆಯವರೆಗೆ, ತೆರಿಗೆ ನಿರ್ಧರಣಾ ವರ್ಷ ಮುಗಿದು ಮೂರು ವರ್ಷದೊಳಗಾದರೆ ಪ್ರಿನ್ಸಿಪಲ್ ಕಮಿಷನರ್ ಅಥವಾ ಕಮಿಷನರ್ ದರ್ಜೆಯವರು ಸಾಕಿತ್ತು. ಮೂರು ವರ್ಷ ದಾಟಿದರೆ ಇನ್ನೂ ಮೇಲೆ, ಪ್ರಿನ್ಸಿಪಲ್ ಚೀಫ್ ಕಮಿಷನರ್ ದರ್ಜೆಗೆ ಹೋಗಬೇಕಿತ್ತು. ಅಷ್ಟು ಹಳೇದನ್ನು ತೆರೆಯೋಕೆ ತಪ್ಪಿಸಿಕೊಂಡ ಆದಾಯ 50 ಲಕ್ಷ ಅಥವಾ ಹೆಚ್ಚು ಇರಬೇಕಿತ್ತು. 2024ರ ಸೆಪ್ಟೆಂಬರ್ 1ರಿಂದ ಅಡಿಷನಲ್ ಅಥವಾ ಜಾಯಿಂಟ್ ಕಮಿಷನರ್ ದರ್ಜೆ ಸಾಕು ಅಂತ ಇಳಿಸಿದರು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ. ಅದರಲ್ಲಿ ಕಲಮಿನ ನಂಬರುಗಳು ಬೇರೆ, ಮಂಜೂರಾತಿ ಬೇಕೆಂಬ ಮಾತು ಮಾತ್ರ ಹಾಗೇ ಇದೆ. ಆದ್ದರಿಂದ ನೋಟಿಸಿನ ತಾರೀಕು ನೋಡಿ, ಆ ದಿನ ಯಾವ ನಿಯಮವಿತ್ತು ಅಂತ ತಿಳಿದವರನ್ನು ಕೇಳಬೇಕು. ದರ್ಜೆ ತಪ್ಪಿದರೆ ಅದು ಸಣ್ಣ ಕೈತಪ್ಪಲ್ಲ, ಅಧಿಕಾರಿಯ ಅಧಿಕಾರಕ್ಕೇ ಕುತ್ತು ಅಂತ ಸುಪ್ರೀಂ ಕೋರ್ಟು 2024ರ ಅಕ್ಟೋಬರ್‌ನಲ್ಲಿ ರಾಜೀವ್ ಬನ್ಸಲ್ ಎಂಬ ಪ್ರಕರಣದಲ್ಲಿ ಹೇಳಿದೆ.

ನನ್ನ ನೋಟಿಸಿನ ತಾರೀಕು 2023ರ ಮಾರ್ಚ್ 30. 2018-19ರ ಆದಾಯದ ನಿರ್ಧರಣಾ ವರ್ಷ 2019-20. ಅದು ಮುಗಿದು ಮೂರು ವರ್ಷ ತುಂಬೋದು ಮಾರ್ಚ್ 31ಕ್ಕೆ. ಒಂದು ದಿನ ಉಳಿದಿತ್ತು, ಅಷ್ಟೆ! ನೋಟಿಸಿನಲ್ಲಿ ಪ್ರಿನ್ಸಿಪಲ್ ಕಮಿಷನರ್ ಮಂಜೂರಾತಿ ಪಡೆದಿದೆ ಅಂತ ಇತ್ತು. ದರ್ಜೆ ಸರಿ, ದಿನಾಂಕವೂ ಸರಿ. ಹಾಗಾದರೆ ಕಥೆ ಮುಗಿಯಿತಲ್ಲ ಅಂದೆ. "ಪ್ರತಿ ತರಿಸೋಣ, ಓದಿದ್ದಾರಾ ನೋಡೋಣ" ಅಂದರು ಆಡಿಟರ್. ಮಂಜೂರಾತಿಯ ಮತ್ತು ಅದಕ್ಕೆ ಕಳಿಸಿದ ಟಿಪ್ಪಣಿಯ ಪ್ರತಿ ಕೊಡಿ ಅಂತ ಬರೆದು ಕೇಳಿದೆವು. ಎರಡು ಸಲ ನೆನಪು ಮಾಡಿದ ಮೇಲೆ ಬಂತು.

ಎರಡೇ ಹಾಳೆ. ಟಿಪ್ಪಣಿಯ ಎರಡನೇ ಪ್ಯಾರಾದಲ್ಲಿ 11,40,000. ನಾಲ್ಕನೇ ಪ್ಯಾರಾದಲ್ಲಿ 22,80,000! ಒಂದೇ ಮಾಹಿತಿ ಎರಡು ಸಲ ಬಂದದ್ದನ್ನು ಕೂಡಿಬಿಟ್ಟಿದ್ದರು. ಕೆಳಗೆ ಮೇಲಧಿಕಾರಿಯದು ಒಂದೇ ಸಾಲು: ಹೌದು, ನೋಟಿಸಿಗೆ ತಕ್ಕ ಪ್ರಕರಣವೆಂದು ತೃಪ್ತಿಯಾಗಿದೆ. ಓದಿದ್ದರೆ ಎರಡು ಅಂಕಿ ಕಣ್ಣಿಗೆ ಬೀಳದೆ ಇರುತ್ತಿತ್ತೇ? ನನಗೆ ಬಿತ್ತಲ್ಲ.

ಇಂಥದ್ದಕ್ಕೆ ಹಳೇ ತೀರ್ಪಿದೆ. 1971ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಚುಗಾಮಲ್ ರಾಜಪಾಲ್ ಎಂಬ ಹೆಸರಿನ ಪ್ರಕರಣ ಬಂತು. 1960-61ರ ಲೆಕ್ಕ. ಹುಂಡಿ ಮೇಲೆ ತಂದ ಸಾಲ ಬೋಗಸ್ ಇರಬಹುದು ಅಂತ ಅಧಿಕಾರಿಗೆ ಗುಮಾನಿ. ಅವರು ಬರೆದದ್ದು ಈ ಸಾಲಗಳ ತನಿಖೆ ಆಗಬೇಕು ಅಂತ ಮಾತ್ರ. ಫಾರಂನಲ್ಲಿ, ನೋಟಿಸಿಗೆ ತಕ್ಕ ಪ್ರಕರಣವೇ ಅಂತ ಕಮಿಷನರನ್ನು ಕೇಳುವ ಕಾಲಮಿಗೆ ಉತ್ತರ "ಹೌದು", ಕೆಳಗೆ ರುಜು. ತನಿಖೆ ಬೇಕು ಅನ್ನೋದು ಆದಾಯ ತಪ್ಪಿದೆ ಎಂದು ನಂಬಲು ಕಾರಣವಾಗದು, ಕಮಿಷನರು ವರದಿಯನ್ನು ಗಮನವಿಟ್ಟು ಓದಿದ್ದರೆ ಒಪ್ಪುತ್ತಲೇ ಇರಲಿಲ್ಲ ಅಂತ ಕೋರ್ಟು ನೋಟಿಸನ್ನೇ ರದ್ದು ಮಾಡಿತು. ತೀರ್ಪು ಬರೆದವರು ನಮ್ಮ ಕಾರ್ಕಳ ತಾಲ್ಲೂಕಿನವರೇ, ಮುಂದೆ ಲೋಕಸಭೆಯ ಸ್ಪೀಕರ್ ಆದ ಕೆ.ಎಸ್. ಹೆಗ್ಡೆಯವರು.

ಹಾಗಂತ ಮಂಜೂರಾತಿಯ ತಪ್ಪೊಂದನ್ನೇ ಹಿಡಿದು ಕೂತರೆ ಕೆಟ್ಟೆವು. ಆ ವಾದ ಕೋರ್ಟಿನವರೆಗೂ ಹೋಗಬೇಕಾಗಬಹುದು, ಬೆಂಗಳೂರಿಗೆ ಓಡಾಡುವ ಖರ್ಚು ಯಾರು ಕೊಡುತ್ತಾರೆ? ಅದಕ್ಕೇ ಆಡಿಟರು ಆಕ್ಷೇಪಣೆ ಬರೆದು ದಾಖಲೆ ಮಾಡಿಸಿ, ನೋಟಿಸಿನ ಗಡುವಿನೊಳಗೆ ರಿಟರ್ನನ್ನೂ ಹಾಕಿಸಿದರು. ಜೊತೆಗೆ ದುಡ್ಡಿನ ಲೆಕ್ಕ. 5,00,000 ನನ್ನದೇ ಖಾತೆಯಿಂದ ತೆಗೆದದ್ದು. ಬದಿಯ ಹೊಲ ಕೊಳ್ಳೋಣ ಅಂತ ತೆಗೆದು, ಮಾತು ಮುರಿದು ವಾಪಸು ಕಟ್ಟಿದ್ದೆ. ಪಾಸ್‌ಬುಕ್ಕಿನಲ್ಲಿ ಎರಡೂ ಇತ್ತು. 4,80,000 ಎರಡು ವರ್ಷದ ಶೇಂಗಾ, ಈರುಳ್ಳಿ. ಇದಕ್ಕೆ ಪಹಣಿ ಮತ್ತು ಮಂಡಿಯ ಪಟ್ಟಿಗಳು. ನನ್ನ ಹೆಂಡತಿ ಪಟ್ಟಿಗಳನ್ನು ಟ್ರಂಕಿನಲ್ಲಿ ಹಾಕಿಟ್ಟಿದ್ದಳು, ಇಲ್ಲದಿದ್ದರೆ ಇಲಿಗೆ ಹೋಗುತ್ತಿತ್ತು. ಉಳಿದ 1,60,000 ಕುರಿ ಮಾರಿದ್ದು. ಕುರಿಯ ದುಡ್ಡು ಕಾನೂನಿನಲ್ಲಿ ಕೃಷಿ ಆದಾಯವಲ್ಲ ಅಂತ ನನಗೆ ಗೊತ್ತಾದದ್ದೇ ಆವತ್ತು. ಆ ವರ್ಷದ 2,50,000 ಮಿತಿಯೊಳಗೆ ಇದ್ದದ್ದರಿಂದ ತೆರಿಗೆ ಬೀಳಲಿಲ್ಲ.

2024ರ ಫೆಬ್ರವರಿಯಲ್ಲಿ ಆದೇಶ ಬಂತು. ರಿಟರ್ನಿನಲ್ಲಿ ತೋರಿಸಿದ್ದನ್ನೇ ಒಪ್ಪಿದ್ದರು, ಒಂದು ರೂಪಾಯಿಯೂ ಸೇರಿಸಿರಲಿಲ್ಲ. ಮಂಜೂರಾತಿಯ ಆಕ್ಷೇಪಣೆಗೆ ಅದರಲ್ಲಿ ಒಂದು ಅಕ್ಷರದ ಉತ್ತರವೂ ಇಲ್ಲ! ಆದರೆ 22,80,000 ಎಂಬ ಅಂಕಿ ಆ ಆದೇಶದಲ್ಲಿ ಎಲ್ಲೂ ಕಾಣಲಿಲ್ಲ.

ಇನ್ನೊಂದು ಮಾತು. ಈ ನೋಟಿಸಿಗೆ ಮೊದಲು, ಯಾಕೆ ತೆರೆಯಬಾರದು ಹೇಳಿ ಅಂತ ಕೇಳುವ ಕಾಗದ ಬರಬೇಕು, ಉತ್ತರಕ್ಕೆ 2024ರ ಆಗಸ್ಟ್ ಕೊನೆಯವರೆಗೆ ಕಡಿಮೆಯೆಂದರೆ ಏಳು ದಿನ ಕೊಡಬೇಕಿತ್ತು. ನನಗೂ ಕೊಟ್ಟಿದ್ದರು, ಇ-ಮೇಲಿನಲ್ಲಿ. ಆ ಇ-ಮೇಲು ನನಗೆ ಪ್ಯಾನ್ ಕಾರ್ಡು ಮಾಡಿಸಿಕೊಟ್ಟ ಸೈಬರ್ ಅಂಗಡಿ ಹುಡುಗನದು! ಅವನು ಅಂಗಡಿ ಮುಚ್ಚಿ ತುಮಕೂರು ಸೇರಿ ಎರಡು ವರ್ಷವಾಗಿತ್ತು. ಆವಾಗಲೇ ಪಾಸ್‌ಬುಕ್ಕು, ಪಟ್ಟಿ ಕಳಿಸಿದ್ದರೆ ಮೇಲಧಿಕಾರಿಯ ಟೇಬಲ್ಲಿಗೆ ಹೋಗುವ ಮುಂಚೆಯೇ ಮುಗಿಯಬಹುದಿತ್ತು. ಈಗ ನನ್ನ ಮಗಳ ಇ-ಮೇಲು, ಅವಳ ಫೋನ್ ನಂಬರು ಹಾಕಿಸಿದ್ದೇನೆ. ತಿಂಗಳಿಗೊಮ್ಮೆ ಅವಳೇ ತೆರೆದು ನೋಡುತ್ತಾಳೆ.