ಬಾಟಲಿಗಲ್ಲ, ನೀರಿಗೆ ದುಡ್ಡು ಹಾಕಿ

ಉಪ್ಪುನೀರಿನ ಅಕ್ವೇರಿಯಂಗೆಂದೇ 21,000 ರೂಪಾಯಿ ಕೊಟ್ಟು ನಾನು ಆರ್‌ಒ-ಡಿಐ ನೀರು ಶುದ್ಧೀಕರಣ ಘಟಕ ತಂದಾಗ ಮನೆಯಲ್ಲಿ ಯಾರಿಗೂ ಅದು ಸರಿ ಕಾಣಲಿಲ್ಲ. ಅಡುಗೆಮನೆಯಲ್ಲಿ ಆಗಲೇ ಒಂದು ಪ್ಯೂರಿಫೈಯರ್ ಇತ್ತು. “ನಾವು ಕುಡಿಯೋ ನೀರು ಮೀನಿಗೆ ಆಗಲ್ವೇನಪ್ಪಾ?” ಎಂದು ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ಅಂಗಡಿಯವರು ಹೇಳಿದ್ದೂ ಬೇರೆಯೇ: ಓವರ್‌ಫ್ಲೋದಲ್ಲಿ (ತೊಟ್ಟಿಯ ನೀರು ಕೆಳಗಿನ ಸಂಪ್‌ಗೆ ಇಳಿಯುವ ಜಾಗ) ಪಾಚಿ ಕಟ್ಟುತ್ತಿದ್ದರೆ ತಿಂಗಳಿಗೊಮ್ಮೆ ಪಾಚಿನಾಶಕ ಹಾಕಿ, ಬಾಟಲಿಗೆ 1,400 ರೂಪಾಯಿ. ಎಲ್ಲಿಯ 1,400, ಎಲ್ಲಿಯ 21,000! ಆದರೂ ನಾನು ದೊಡ್ಡ ಮೊತ್ತವನ್ನೇ ಆರಿಸಿಕೊಂಡೆ. ಯಾಕೆ ಎಂಬುದನ್ನು ಲೆಕ್ಕ ಸಮೇತ ಹೇಳುತ್ತೇನೆ. ಈ ಹವ್ಯಾಸಕ್ಕೆ ಹೊಸದಾಗಿ ಬರುವವರ ದುಡ್ಡು ಸದ್ದಿಲ್ಲದೆ ಸೋರಿಹೋಗುವುದು ಇಂಥ ಬಾಟಲಿಗಳಲ್ಲೇ.

ಓವರ್‌ಫ್ಲೋದ ಪಾಚಿ ಬರೀ ಅಂದದ ವಿಷಯವಲ್ಲ. ದೀಪದ ಬೆಳಕು ನೇರವಾಗಿ ಬೀಳುವ ಜಾಗ ಅದು. ನೀರು ತೆಳ್ಳಗೆ, ವೇಗವಾಗಿ ಹರಿಯುತ್ತ ನೈಟ್ರೇಟ್, ಫಾಸ್ಫೇಟ್‌ಗಳನ್ನು ನಿಲ್ಲದೆ ತಂದುಕೊಡುತ್ತದೆ. ಮೇಯುವ ಮೀನು ಅಲ್ಲಿಗೆ ಬಾಯಿ ಹಾಕುವುದಿಲ್ಲ. ಕೂದಲು ಪಾಚಿ ಅಲ್ಲಿನ ಬಾಚಣಿಗೆಯಂಥ ಪಟ್ಟಿಯ ಹಲ್ಲುಗಳ ಸಂದು ತುಂಬಿದಂತೆ ಮೇಲಿನ ತೊಟ್ಟಿಯಲ್ಲಿ ಮಟ್ಟ ಏರುತ್ತದೆ, ಕೆಳಗೆ ರಿಟರ್ನ್ ಪಂಪ್ ಇರುವ ಕೋಣೆಯಲ್ಲಿ ಇಳಿಯುತ್ತದೆ. ಆಟೋ ಟಾಪ್-ಅಪ್ ಸೆನ್ಸರಿಗೆ ಕಾರಣ ಗೊತ್ತಾಗುವುದಿಲ್ಲ. ನೀರು ಆವಿಯಾಗಿದೆ ಎಂದುಕೊಂಡು ಸಿಹಿನೀರು ಬಿಡುತ್ತಲೇ ಇರುತ್ತದೆ. 1.025 ಇರಬೇಕಾದ ಸಾಂದ್ರತೆ ನಿಮಗೆ ತಿಳಿಯದಂತೆ ಕುಸಿಯುತ್ತದೆ. ಆಮೇಲೆ ನೀವು ಹಲ್ಲು ಉಜ್ಜಿ ಸಂದು ಬಿಡಿಸಿದಿರೋ, ಮೇಲೆ ನಿಂತಿದ್ದ ಹೆಚ್ಚುವರಿ ನೀರೆಲ್ಲ ಒಮ್ಮೆಲೇ ಕೆಳಗಿಳಿದು ಸಂಪ್ ತುಂಬಿ ನೆಲಕ್ಕೆ ಹರಿಯುತ್ತದೆ. ಉಪ್ಪುನೀರು ಕುಡಿದ ಪ್ಲೈವುಡ್ ಸ್ಟ್ಯಾಂಡ್ ಮತ್ತೆ ಮೊದಲಿನಂತಾಗುವುದಿಲ್ಲ. ಫ್ಲಾಟಿನಲ್ಲಿದ್ದರೆ ಕೆಳಗಿನ ಮನೆಯವರ ಸೀಲಿಂಗಿನ ಖರ್ಚೂ ನಿಮ್ಮ ತಲೆಗೇ.

ಇನ್ನು ಅತ್ತೆಯ ಪ್ರಶ್ನೆ. ನನ್ನದು ಮೆದುಹವಳಗಳ ತೊಟ್ಟಿ, ಸಂಪ್ ಸೇರಿ 300 ಲೀಟರ್. (ರೀಫ್ ಕಟ್ಟುವ ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ. ಅವುಗಳ ತಂಟೆಗೆ ನಾನು ಹೋಗಿಲ್ಲ, ನೀವೂ ಹೋಗಬೇಡಿ.) ದಿನಕ್ಕೆ ಸುಮಾರು 4 ಲೀಟರ್ ಆವಿಯಾಗುತ್ತದೆ, ತಿಂಗಳಿಗೆ 120. ಆವಿಯಾಗುವುದು ನೀರು ಮಾತ್ರ, ಅದರಲ್ಲಿ ಕರಗಿದ್ದೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ನಮ್ಮ ಅಡುಗೆಮನೆಯ ನೀರಿಗೆ ಮೀಟರ್ ಅದ್ದಿದರೆ ಟಿಡಿಎಸ್ (ಕರಗಿದ ಲವಣಾಂಶ) 60 ಬಂತು. ಕುಡಿಯಲು ಒಳ್ಳೆಯ ನೀರೇ. ರುಚಿಗೆಂದು ಒಂದಿಷ್ಟು ಲವಣ ಉಳಿಯುವಂತೆ ಆ ಯಂತ್ರದಲ್ಲಿ ಬೇಕೆಂದೇ ವ್ಯವಸ್ಥೆ ಮಾಡಿರುತ್ತಾರೆ. ಆದರೆ ಲೀಟರಿಗೆ 60 ಮಿಲಿಗ್ರಾಂನಂತೆ 120 ಲೀಟರಿನಿಂದ ತಿಂಗಳಿಗೆ 7 ಗ್ರಾಂಗೂ ಹೆಚ್ಚು ತೊಟ್ಟಿಗೆ ಸೇರಿ ಅಲ್ಲೇ ಕೂರುತ್ತದೆ. ಆ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ನೈಟ್ರೇಟ್ ಇದ್ದರೂ ತೊಟ್ಟಿಯ ನೈಟ್ರೇಟ್ ಪ್ರತಿ ತಿಂಗಳು 2 ಪಿಪಿಎಂ ಏರಿದ ಹಾಗೆ. ಆರ್‌ಒ ಪೊರೆ ನೈಟ್ರೇಟನ್ನು ಬೇರೆ ಲವಣಗಳಷ್ಟು ಚೆನ್ನಾಗಿ ತಡೆಯುವುದಿಲ್ಲ. ಹಾಗೆ ನುಸುಳಿದ್ದನ್ನು ಹಿಡಿಯುವುದು ಡಿಐ ರೆಸಿನ್.

ಈಗ ರೂಪಾಯಿ ಲೆಕ್ಕ. ಹದಿನೈದು ದಿನಕ್ಕೊಮ್ಮೆ ಶೇ. 10ರಷ್ಟು ನೀರು ಬದಲಿಸುತ್ತೇನೆ, ಅದು ತಿಂಗಳಿಗೆ 60 ಲೀಟರ್. ಟಾಪ್-ಅಪ್ ಸೇರಿಸಿದರೆ 180 ಲೀಟರ್, ವರ್ಷಕ್ಕೆ 2,160. ಘಟಕದ 21,000ವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 4,200. ಸೆಡಿಮೆಂಟ್, ಕಾರ್ಬನ್ ಫಿಲ್ಟರ್ 1,800. ರೆಸಿನ್ 3,000. ಐದು ವರ್ಷದಲ್ಲಿ ಒಮ್ಮೆ ಬದಲಿಸುವ 3,000 ರೂಪಾಯಿಯ ಮೆಂಬ್ರೇನ್‌ಗೆ ವರ್ಷಕ್ಕೆ 600. ಒಟ್ಟು 9,600, ಅಂದರೆ ತಿಂಗಳಿಗೆ 800 ರೂಪಾಯಿ, ಲೀಟರಿಗೆ ಸುಮಾರು 4 ರೂಪಾಯಿ 45 ಪೈಸೆ. ಘಟಕದಿಂದ ಹೊರಹೋಗುವ ತ್ಯಾಜ್ಯ ನೀರು ನೆಲ ಒರೆಸಲು, ಬಚ್ಚಲಿಗೆ ಬಳಕೆಯಾಗುತ್ತದೆ.

ಬಾಟಲಿಯ ದಾರಿ ನೋಡಿ. 1,400ರ ಬಾಟಲಿ ನನ್ನ ತೊಟ್ಟಿಗೆ ಎರಡು ತಿಂಗಳು ಬರುತ್ತದೆ, ತಿಂಗಳಿಗೆ 700. ಔಷಧಿ ಹಾಕಿದ ಮೇಲೆ ಉಳಿಕೆ ಹೀರಲು ಕಾರ್ಬನ್, 250. ಜೊತೆಗೆ ಪ್ರತಿ ಸಲವೂ ಕಾಲುಭಾಗ ನೀರು ಬದಲಿಸಬೇಕೆಂದು ಅಂಗಡಿಯವರೇ ಹೇಳಿದ್ದರು. ಅದು 75 ಲೀಟರ್. ಲೀಟರಿಗೆ 38 ಗ್ರಾಂ ಉಪ್ಪಿನಂತೆ 2.85 ಕೆ.ಜಿ., ಕೆ.ಜಿ.ಗೆ 450ರಂತೆ 1,280. ಮೂರೂ ಸೇರಿ ತಿಂಗಳಿಗೆ 2,230, ವರ್ಷಕ್ಕೆ 26,760. ಘಟಕದ ಬೆಲೆ ಬಿಟ್ಟು ಅದರ ನಿರ್ವಹಣೆಯ ಖರ್ಚು ವರ್ಷಕ್ಕೆ 5,400 ಮಾತ್ರ. ವ್ಯತ್ಯಾಸ 21,360. ಹೆಚ್ಚು ಕಡಿಮೆ ಒಂದು ವರ್ಷದಲ್ಲಿ ಘಟಕದ ಅಸಲು ಹುಟ್ಟಿತು. ಬಾಟಲಿಯ ಮೇಲಿರುವ ಬೆಲೆ ಅದರ ಪೂರ್ತಿ ಖರ್ಚಿನ ಮೂರನೇ ಒಂದು ಪಾಲೂ ಅಲ್ಲ.

ಅಷ್ಟು ಕೊಟ್ಟ ಮೇಲಾದರೂ ಅದು ಕೆಲಸ ಮಾಡುತ್ತದೆಯೇ? ಪಾಚಿ ಸಾಯುತ್ತದೆ, ನಿಜ. ಸತ್ತ ಪಾಚಿ ಕೊಳೆತು, ತಾನು ಹೀರಿಕೊಂಡಿದ್ದ ನೈಟ್ರೇಟ್, ಫಾಸ್ಫೇಟನ್ನು ಅದೇ ನೀರಿಗೆ ಬಿಡುತ್ತದೆ. ಕೊಳೆಯುವಾಗ ಆಮ್ಲಜನಕವನ್ನೂ ತಿನ್ನುತ್ತದೆ. ಮುಂದಿನ ಬೆಳೆಗೆ ಗೊಬ್ಬರ ಸಿದ್ಧ, ಮುಂದಿನ ಬಾಟಲಿಗೆ ಗಿರಾಕಿ ಸಿದ್ಧ. ಕೆಲವು ಪಾಚಿನಾಶಕಗಳಲ್ಲಿ ತಾಮ್ರ ಇರುತ್ತದೆ. ಸೀಗಡಿ, ಬಸವನಹುಳು, ಹವಳ ಇರುವ ತೊಟ್ಟಿಗೆ ಅದು ವಿಷ. ಕಾರಣವನ್ನು ಹಾಗೇ ಬಿಟ್ಟು ಲಕ್ಷಣಕ್ಕೆ ತಿಂಗಳ ಕಂತು ಕಟ್ಟಿಸುವ ಇಂಥ ಸರಕನ್ನು ನಾನು ಯಾರಿಗೂ ಕೊಳ್ಳಿರಿ ಎನ್ನಲಾರೆ. ಯುವಿ ದೀಪವೂ ಈ ಕೆಲಸಕ್ಕೆ ಬಾರದು. ಅದರ ಕೊಳವೆಯೊಳಗೆ ಹಾದುಹೋಗುವ ತೇಲುಪಾಚಿಗೆ ಅದು ಸರಿ, ಹಲ್ಲಿಗೆ ಅಂಟಿದ ಪಾಚಿಯನ್ನು ಅದು ಮುಟ್ಟುವುದೇ ಇಲ್ಲ.

ಅಗ್ಗದ ಉಪಾಯಗಳಿವೆ. ಓವರ್‌ಫ್ಲೋ ಮೇಲೆ ಕಪ್ಪು ಅಕ್ರಿಲಿಕ್ ಮುಚ್ಚಳ ಹಾಕಿದರೆ ಬೆಳಕು ನಿಲ್ಲುತ್ತದೆ. ಟರ್ಬೊ, ಟ್ರೋಕಸ್ ಬಸವನಹುಳುಗಳು ಚೆನ್ನಾಗಿ ಮೇಯುತ್ತವೆ, ಆದರೆ ಕೊಳವೆಗೆ ಜಾಲರಿ ಇಲ್ಲದಿದ್ದರೆ ಒಳಗೆ ಬಿದ್ದು ಅವೇ ಅಡ್ಡವಾಗುತ್ತವೆ. ಸಂಪ್‌ನಲ್ಲಿ ಕೀಟೊ ಎಂಬ ಕಡಲಪಾಚಿ ಬೆಳೆಸಿದರೆ ಬೇಡದ ಪಾಚಿಯ ಊಟವನ್ನು ಅದು ಕಸಿಯುತ್ತದೆ. ಫಾಸ್ಫೇಟ್ ಹೆಚ್ಚಿದ್ದರೆ ಜಿಎಫ್‌ಒ ಎಂಬ ಫಾಸ್ಫೇಟ್ ಹೀರುವ ಕಣಗಳನ್ನು ಹಾಕಬಹುದು. ಆದರೆ ಸೊನ್ನೆಗೆ ಇಳಿಸಲು ಹೋಗಬೇಡಿ, ಆಗ ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಕಾಟ ಶುರುವಾಗಬಹುದು.

ಎಲ್ಲಕ್ಕಿಂತ ಹೆಚ್ಚು ಉಳಿಸಿಕೊಡುವುದು ಕೈಯ ಅಭ್ಯಾಸ. ನೀರು ಎಷ್ಟೇ ಶುದ್ಧವಾಗಿರಲಿ, ಆಹಾರದ ದಾರಿಯಿಂದ ಫಾಸ್ಫೇಟ್ ಬಂದೇ ಬರುತ್ತದೆ. ನೆಂಟರ ಮಕ್ಕಳು ಬಂದರೆಂದು ಇನ್ನೊಂದು ಚಿಟಿಕೆ ಹಾಕುವುದನ್ನು ಬಿಡಿ. ಫ್ರೋಜನ್ ಮೈಸಿಸ್ ಸೀಗಡಿ ಕರಗಿದ ನೀರನ್ನು ಚೆಲ್ಲಿ, ಸೋಸಿ ತೊಳೆದು ಹಾಕಿ. ಓವರ್‌ಫ್ಲೋದ ಬಾಚಣಿಗೆಯಂಥ ಪಟ್ಟಿ ಕಳಚಿ ಬರುವಂಥದ್ದಾದರೆ ಎರಡು ಜೊತೆ ಇಟ್ಟುಕೊಳ್ಳಿ. ಒಂದು ತೊಟ್ಟಿಯಲ್ಲಿರುವಾಗ ಇನ್ನೊಂದನ್ನು ಬಿಳಿ ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನೋಡಿದರೆ ನೇರಳೆ ಬಣ್ಣದ ಕೊರಲೈನ್ ಪಾಚಿಯ ಸುಣ್ಣ ಮೆತ್ತಗಾಗಿರುತ್ತದೆ, ಹಳೆಯ ಹಲ್ಲುಜ್ಜುವ ಬ್ರಶ್ಶಿಗೇ ಉದುರಿಬರುತ್ತದೆ. ಇದನ್ನು ವಾರದ ಕೆಲಸ ಮಾಡಿಕೊಂಡವರ ಮನೆಯಲ್ಲಿ ನೆಲಕ್ಕೆ ನೀರು ಹರಿಯುವ ಭಯ ಬಹುಮಟ್ಟಿಗೆ ಕಡಿಮೆ.

ಹಾಗೆಂದು ಎಲ್ಲರೂ ಘಟಕ ಕೊಳ್ಳಬೇಕಿಲ್ಲ. 60 ಲೀಟರಿನ ಪುಟ್ಟ ತೊಟ್ಟಿಗೆ ತಿಂಗಳಿಗೆ 45 ಲೀಟರ್ ನೀರು ಸಾಕು. ಸಿದ್ಧ ಡಿಐ ನೀರು ಲೀಟರಿಗೆ 8 ರೂಪಾಯಿಗೆ ಸಿಕ್ಕರೂ 360ರಲ್ಲಿ ಮುಗಿಯಿತು. ಆ ದರದಲ್ಲಿ ತಿಂಗಳಿಗೆ 100 ಲೀಟರ್ ದಾಟುವವರೆಗೆ ನೀರು ಕೊಳ್ಳುವುದೇ ಲಾಭ, ದಾಟಿದ ಮೇಲೆ ಘಟಕ. ಆದ್ದರಿಂದ ಮೊದಲು ಒಂದು ಟಿಡಿಎಸ್ ಮೀಟರ್ ಕೊಳ್ಳಿ, ಕೆಲವು ನೂರು ರೂಪಾಯಿಗೆ ಬರುತ್ತದೆ. ಅಂಗಡಿಯಲ್ಲೇ ಕ್ಯಾನ್ ಬಿಚ್ಚಿಸಿ ಅದ್ದಿ ನೋಡಿ. ಸೊನ್ನೆ ಬಂದರೆ ಮಾತ್ರ ದುಡ್ಡು ಕೊಡಿ.