ಮಡಿವಾಳದ ಲ್ಯಾಬು ಮತ್ತು ನಮ್ಮ ಒಂದು ಹನಿ ರಕ್ತ

ಬಿಟಿಎಂ ಲೇಔಟ್‌ನಿಂದ ಮಡಿವಾಳದ ಕಡೆ ಹೋಗುವಾಗ ನಾವೆಲ್ಲ ಬೈಯೋದು ಸಿಲ್ಕ್ ಬೋರ್ಡ್ ಟ್ರಾಫಿಕ್ಕನ್ನ. ಆದರೆ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ, ಅಂದರೆ ಸುದ್ದಿಯಲ್ಲಿ ಬರುವ ಎಫ್‌ಎಸ್‌ಎಲ್, ಇರುವುದೂ ಅಲ್ಲೇ. ಛಾಪಾ ಕಾಗದ ಹಗರಣದ ತೆಲಗಿಯ ಕಾಲದಲ್ಲಿ ಬೆಂಗಳೂರು ಮಂಪರು ಪರೀಕ್ಷೆಗೆ ದೇಶಕ್ಕೆಲ್ಲ ಹೆಸರಾಗಿತ್ತು. ಔಷಧ ಚುಚ್ಚು, ಪ್ರಶ್ನೆ ಕೇಳು, ವಿಡಿಯೋ ಮಾಡು!

ಅದಕ್ಕೆ ಕಡಿವಾಣ ಹಾಕಿದ ಪ್ರಕರಣವೂ ನಮ್ಮ ರಾಜ್ಯದ್ದೇ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. 2010ರ ಮೇ 5ರಂದು ಸುಪ್ರೀಂ ಕೋರ್ಟ್, ಮಂಪರು, ಪಾಲಿಗ್ರಾಫ್, ಮಿದುಳು ನಕ್ಷೆ ಈ ಮೂರನ್ನೂ ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಾಡುವಂತಿಲ್ಲ ಎಂದಿತು. ಸಂವಿಧಾನದ 20(3)ನೇ ವಿಧಿಯ ಪ್ರಕಾರ ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು.

ಹಾಗಾದ್ರೆ ರಕ್ತ ಯಾಕೆ ತಗೋಬಹುದು? 1961ರಲ್ಲೇ ಕಾಥಿ ಕಾಲು ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಇದಕ್ಕೆ ದಾರಿ ತೋರಿಸಿತ್ತು. ಬೆರಳಚ್ಚು ಏನನ್ನೂ 'ಹೇಳುವುದಿಲ್ಲ', ಅದು ಹೋಲಿಸಿ ನೋಡುವ ವಸ್ತು ಮಾತ್ರ. ಡಿಎನ್‌ಎಯನ್ನೂ ಇದೇ ಸಾಲಿಗೆ ಸೇರಿಸಿದ್ದಾರೆ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 51ನೇ ಕಲಮಿನಂತೆ, ಪರೀಕ್ಷೆಯಿಂದ ಸಾಕ್ಷ್ಯ ಸಿಗಬಹುದೆಂಬ ಸಕಾರಣವಿದ್ದರೆ, ಪೊಲೀಸ್ ಅಧಿಕಾರಿಯ ಕೋರಿಕೆ ಮೇಲೆ ನೋಂದಾಯಿತ ವೈದ್ಯರು ಬಂಧಿತನ ರಕ್ತ, ಎಂಜಲು, ಕೂದಲು ತೆಗೆಯಬಹುದು. ಅಗತ್ಯದಷ್ಟು ಬಲಪ್ರಯೋಗಕ್ಕೂ ಅವಕಾಶವಿದೆ. ಮೊದಲು ಸಬ್ ಇನ್ಸ್‌ಪೆಕ್ಟರ್ ದರ್ಜೆಯವರಾದರೂ ಕೇಳಬೇಕಿತ್ತು, 2024ರ ಜುಲೈ 1ರಿಂದ ಆ ಮಿತಿಯೂ ಇಲ್ಲ. ಇದು ನಮಗೇನೋ ಸರಿ ಕಾಣಲಿಲ್ಲ.

ತೆಗೆದದ್ದು ಎಲ್ಲಿಗೆ ಹೋಗುತ್ತೆ ಅನ್ನೋದು ಇನ್ನೂ ದೊಡ್ಡ ಪ್ರಶ್ನೆ. ಜಯನಗರ ಫೋರ್ತ್ ಬ್ಲಾಕಲ್ಲಿ ಪಾರ್ಕಿಂಗ್ ಜಗಳವಾಗಿ, 20 ವರ್ಷದ ನಮ್ಮ ಕ್ಲಾಸ್‌ಮೇಟ್ ಒಬ್ಬನ ಬಂಧನವಾಯ್ತು ಅಂತಿಟ್ಟುಕೊಳ್ಳಿ. 2022ರ ಗುರುತಿಸುವಿಕೆ ಕಾಯ್ದೆಯಂತೆ ಬೆರಳಚ್ಚು, ಫೋಟೋ, ಕಣ್ಣಿನ ಸ್ಕ್ಯಾನ್ ಕೇಳಿದರೆ ಕೊಡಲೇಬೇಕು, ತಡೆದರೆ ಅದೇ ಇನ್ನೊಂದು ಅಪರಾಧ. ಜೈವಿಕ ಮಾದರಿಯನ್ನು ಮಾತ್ರ ಈ ಕಾಯ್ದೆಯಡಿ ಕೊಡಲ್ಲ ಅನ್ನಬಹುದು. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ, ಮಹಿಳೆ ಮತ್ತು ಮಕ್ಕಳ ವಿರುದ್ಧದ ಅಪರಾಧಗಳಿಗೆ ಈ ವಿನಾಯಿತಿ ಇಲ್ಲ. ದಾಖಲೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದಲ್ಲಿ 75 ವರ್ಷ ಇರುತ್ತೆ. ಲೆಕ್ಕ ಹಾಕಿ, ಅವನಿಗೆ ಆಗ 95!

ಹಿಂದೆ ಶಿಕ್ಷೆಯಾಗದವನು ಖುಲಾಸೆಯಾದರೆ, ಮೇಲ್ಮನವಿಗಳೆಲ್ಲ ಮುಗಿದ ಮೇಲೆ ಅಳಿಸಬೇಕು ಅಂತ ಕಾಯ್ದೆ ಹೇಳುತ್ತೆ, ಕೋರ್ಟು ಕಾರಣ ಬರೆದು ಬೇಡ ಅನ್ನದಿದ್ದರೆ. ಆದರೆ ನಿಯಮದ ಪ್ರಕಾರ ನೋಡಲ್ ಅಧಿಕಾರಿಗೆ ಕೋರಿಕೆ ಸಲ್ಲಿಸಬೇಕು. ಅಷ್ಟರೊಳಗೆ ದಾಖಲೆ ಬೇರೆ ತನಿಖಾ ಸಂಸ್ಥೆಗಳಿಗೂ ಹೋಗಿರಬಹುದು, ಬ್ಯೂರೋಗೆ ಹಂಚುವ ಅಧಿಕಾರವಿದೆ. ಡಿಬಿಎಂಎಸ್ ಲ್ಯಾಬಲ್ಲಿ ಒಂದು ಟೇಬಲ್ ಡಿಲೀಟ್ ಮಾಡಿ ಬ್ಯಾಕಪ್ ಮರೆತವರಿಗೆ ಇದರ ಅರ್ಥ ಗೊತ್ತು.

ಡಿಎನ್‌ಎ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಮ್ಮ ಪ್ರೊಫೈಲಿನ ಅರ್ಧ ಅಪ್ಪನದು, ಅರ್ಧ ಅಮ್ಮನದು. ಒಬ್ಬನ ಮಾದರಿ ಬ್ಯಾಂಕಿಗೆ ಬಿದ್ದರೆ ಅವನ ತಮ್ಮನ ಸುಳಿವೂ ಸಿಗುತ್ತೆ, ಆ ತಮ್ಮನನ್ನು ಯಾರೂ ಕೇಳಿರಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯಿಂದ. ಡಿಎನ್‌ಎ ಬ್ಯಾಂಕಿಗೆಂದೇ ರೂಪಿಸಿದ್ದ 2019ರ ಮಸೂದೆಯನ್ನು ಸರ್ಕಾರ 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಮಾದರಿ ತೆಗೆಯುವ ಅಧಿಕಾರ ಮಾತ್ರ ಹಾಗೇ ಉಳಿದಿದೆ.